ಒಂದೇ ಹೆಸರಿನ ಹಲವು ಕ್ರೂಸ್ ಹಡಗುಗಳು: ನಿಮ್ಮ ಹಡಗು ಯಾವುದೆಂದು ಗುರುತಿಸುವ ಸಮಗ್ರ ಮಾರ್ಗದರ್ಶಿ

ಮಗಳು ಕ್ರೌನ್ ಪ್ರಿನ್ಸೆಸ್ ಹಡಗಿನಲ್ಲಿ ಕೆಲಸಕ್ಕೆ ಸೇರಿ ವಾರವಾಗಿದೆ ಎಂದುಕೊಳ್ಳಿ. ಗೋಣಿಕೊಪ್ಪದ ಮನೆಯಲ್ಲಿ ಕೂತು ಅಪ್ಪ ಫೋನಿನಲ್ಲಿ ಆ ಹೆಸರು ಹುಡುಕುತ್ತಾರೆ. 'ಗುಜರಾತಿನ ಅಲಂಗ್ ತೀರದಲ್ಲಿ 2020ರಲ್ಲಿ ಒಡೆಯಲಾಯಿತು' ಎಂಬ ಸಾಲು ಕಣ್ಣಿಗೆ ಬೀಳುತ್ತದೆ. ಮನೆಯಿಡೀ ಗಾಬರಿ. ಒಡೆದದ್ದು 1990ರಲ್ಲಿ ಕಟ್ಟಿದ ಕ್ರೌನ್ ಪ್ರಿನ್ಸೆಸ್. ಮಗಳು ಇರುವುದು 2006ರಲ್ಲಿ ಬಂದ ಕ್ರೌನ್ ಪ್ರಿನ್ಸೆಸ್. ಹೆಸರೊಂದನ್ನು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ.

ಹಡಗಿಗೆ ಹೋದವರ ಮನೆಯವರು, ಹಡಗಿನ ಕೆಲಸಕ್ಕೆ ಅರ್ಜಿ ಹಾಕಿದವರು, ಟಿಕೆಟ್ ಕಾಯ್ದಿರಿಸುವವರು, ಹಳೆಯ ಫೋಟೊಗಳಿಗೆ ಹೆಸರು ಬರೆದಿಡುವವರು ಎಲ್ಲರೂ ಎಡವುವುದು ಒಂದೇ ಕಡೆ. ಹುಡುಕಾಟವನ್ನು ಹೆಸರಿನಿಂದ ಶುರು ಮಾಡುತ್ತಾರೆ. ಕ್ರೂಸ್ ಕಂಪನಿಗಳು ಹಳೆಯ ಹಡಗನ್ನು ಮಾರಿದ ಮೇಲೆ ಅದರ ಹೆಸರನ್ನು ಹೊಸ ಹಡಗಿಗೆ ಇಡುತ್ತವೆ. ಕೊಂಡವರು ಹಳೆಯ ಹಡಗಿಗೆ ಬೇರೆ ಹೆಸರು ಇಡುತ್ತಾರೆ. ಹೀಗಾಗಿ ಒಂದು ಹೆಸರಿಗೆ ಮೂರು ಹಡಗು, ಒಂದು ಹಡಗಿಗೆ ಆರು ಹೆಸರು. ಮೊದಲು ದಿನಾಂಕ, ಆಮೇಲೆ ಸಂಖ್ಯೆ, ಹೆಸರು ಕೊನೆಗೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ನಡುವೆ ಯಾವುದನ್ನೂ ಹಾರಿಸಬೇಡಿ.

ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದವು

ಜಾಯಿನಿಂಗ್ ಲೆಟರ್ ಅಥವಾ ಟಿಕೆಟ್ಟಿನ ಸ್ಪಷ್ಟ ಪ್ರತಿ ಬೇಕು. ಹಳೆಯ ಕೆಲಸದ ವಿಚಾರವಾದರೆ ಸಿಡಿಸಿ ಪುಸ್ತಕದಲ್ಲಿ (ನಾವಿಕರ ಕೆಲಸದ ದಾಖಲೆ ಪುಸ್ತಕ) ಸೈನ್ ಆನ್, ಸೈನ್ ಆಫ್, ಅಂದರೆ ಹಡಗಿಗೆ ಸೇರಿದ ಮತ್ತು ಬಿಟ್ಟ ದಿನ, ಬರೆದಿರುವ ಪುಟ ಬೇಕು. ಒಂದು ನೋಟ್‌ಬುಕ್, ಪೆನ್ನು, ಫೋನ್ ಇರಲಿ. ಇಕ್ವಾಸಿಸ್ ಎಂಬ ಹಡಗು ಮಾಹಿತಿ ತಾಣದಲ್ಲಿ ಒಂದು ಖಾತೆ ತೆರೆಯಿರಿ. ಅದು ಉಚಿತ, ಆದರೆ ನೋಂದಣಿ ಮಾಡಿಕೊಳ್ಳದೆ ಒಳಗೆ ಬಿಡುವುದಿಲ್ಲ. ಹಡಗು ಈಗ ಎಲ್ಲಿದೆ ಎಂದು ನೋಡಲು ಮೆರೈನ್ ಟ್ರಾಫಿಕ್ ಅಥವಾ ವೆಸೆಲ್ ಫೈಂಡರ್ ಸಾಕು. ಉಚಿತ ಭಾಗದಲ್ಲೇ ನಮ್ಮ ಕೆಲಸ ಮುಗಿಯುತ್ತದೆ.

ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಮಸುಕು ಫೋಟೊದಿಂದ ಕೆಲಸ ಶುರು ಮಾಡಬೇಡಿ. ಹಡಗಿನ ಗುರುತು ಸಂಖ್ಯೆಯ ಏಳು ಅಂಕಿಗಳಲ್ಲಿ ಒಂದು ತಪ್ಪಿ ಓದಿದರೂ ಬೇರೆ ಹಡಗು ಸಿಗಬಹುದು. ಕಾಗದವನ್ನು ಫೋಟೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಅಕ್ಷರಗಳು ಒಡೆಯುವುದಿಲ್ಲ.

ಹಂತ 1: ಕಾಗದದಲ್ಲಿರುವ ಹೆಸರನ್ನು ಇದ್ದ ಹಾಗೆಯೇ ಬರೆದುಕೊಳ್ಳಿ

ಹೆಸರಿಗೆ ಮೊದಲು ಎಂಎಸ್, ಎಂವಿ, ಆರ್‌ಎಂಎಸ್ ಎಂದಿದ್ದರೆ ಅದು ಹೆಸರಿನ ಭಾಗವಲ್ಲ, ಬಿಟ್ಟು ಬರೆಯಿರಿ. ಆದರೆ ಕಂಪನಿಯ ಹೆಸರು ಸೇರಿಕೊಂಡಿದ್ದರೆ ಅದನ್ನು ಬಿಡುವಂತಿಲ್ಲ. 1986ರಲ್ಲಿ ಬಂದ ಹಡಗು ಬರೀ 'ಜುಬಿಲಿ'. 2023ರಲ್ಲಿ ಬಂದದ್ದು 'ಕಾರ್ನಿವಲ್ ಜುಬಿಲಿ'. ಎರಡೂ ಕಾರ್ನಿವಲ್ ಕಂಪನಿಯವೇ. 1987ರ 'ಸೆಲೆಬ್ರೇಶನ್' ಮತ್ತು 2022ರ 'ಕಾರ್ನಿವಲ್ ಸೆಲೆಬ್ರೇಶನ್' ಕೂಡ ಹೀಗೆಯೇ.

ಹೆಸರಿನ ಕೊನೆಯ ಅಂಕಿಯ ಬಗ್ಗೆ ಇನ್ನೂ ಎಚ್ಚರ ಬೇಕು. ಕ್ವೀನ್ ಎಲಿಜಬೆತ್, ಕ್ವೀನ್ ಎಲಿಜಬೆತ್ 2, ಮತ್ತೆ ಕ್ವೀನ್ ಎಲಿಜಬೆತ್: ಕ್ಯುನಾರ್ಡ್ ಕಂಪನಿಯ ಮೂರು ಬೇರೆ ಹಡಗುಗಳಿವು. ಮೊದಲನೆಯದು 1972ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಬೆಂಕಿಗೆ ಬಲಿಯಾಯಿತು. ಎರಡನೆಯದು 1969ರಿಂದ 2008ರವರೆಗೆ ಓಡಿ ಈಗ ದುಬೈನಲ್ಲಿ ಹೋಟೆಲ್ ಆಗಿದೆ. ಮೂರನೆಯದು 2010ರಿಂದ ಓಡುತ್ತಿದೆ. ನಕ್ಷೆಯ ಆ್ಯಪಿನಲ್ಲಿ ಈ ಹೆಸರು ಹಾಕಿದರೆ ಬ್ರಿಟನ್ನಿನ ವಿಮಾನವಾಹಕ ಯುದ್ಧನೌಕೆಯೂ ಪಟ್ಟಿಗೆ ಬರಬಹುದು. ಅದರ ಹೆಸರೂ ಕ್ವೀನ್ ಎಲಿಜಬೆತ್. 'ಕ್ವೀನ್ ಎಲಿಜಬೆತ್ 2' ಎಂಬಲ್ಲಿ ಇರುವುದು ಸಾಮಾನ್ಯ ಅಂಕಿ 2, ರೋಮನ್ ಅಂಕಿ ಅಲ್ಲ. ರೋಮನ್ ಅಂಕಿ ಹಾಕಿ ಹುಡುಕಿ 'ಹಡಗೇ ಇಲ್ಲ' ಎಂದು ಕೈಬಿಡುವವರಿದ್ದಾರೆ.

ಹಂತ 2: ದಿನಾಂಕ ಗಟ್ಟಿ ಮಾಡಿಕೊಳ್ಳಿ

ಹಡಗಿಗೆ ಹತ್ತಿದ ದಿನ, ಅಥವಾ ಹತ್ತಬೇಕಾದ ದಿನ, ನೋಟ್‌ಬುಕ್ಕಿನಲ್ಲಿ ಹೆಸರಿನ ಪಕ್ಕದಲ್ಲೇ ಇರಬೇಕು. ತಿಂಗಳನ್ನು ಅಂಕಿಯಲ್ಲಿ ಬರೆಯಬೇಡಿ, ಅಕ್ಷರದಲ್ಲಿ ಬರೆಯಿರಿ. ಅಮೆರಿಕದ ಕಂಪನಿಗಳ ಕಾಗದದಲ್ಲಿ ತಿಂಗಳು ಮೊದಲು ಬರುತ್ತದೆ: 04/07 ಎಂದರೆ ಅಲ್ಲಿ ಏಪ್ರಿಲ್ 7, ನಮಗೆ ಜುಲೈ 4. ಹೆಸರು ಬದಲಾಗುವ ವರ್ಷದಲ್ಲಿ ಈ ಮೂರು ತಿಂಗಳ ವ್ಯತ್ಯಾಸ ಸಾಕು, ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಹಳೆಯ ಫೋಟೊ ಆದರೆ ದಿನ ಗೊತ್ತಿರುವುದಿಲ್ಲ. ಆಗ 'ಇದಕ್ಕಿಂತ ಮೊದಲಲ್ಲ, ಇದಕ್ಕಿಂತ ಆಮೇಲಲ್ಲ' ಎಂದು ಎರಡು ವರ್ಷ ಬರೆದುಕೊಳ್ಳಿ. ಪಾಸ್‌ಪೋರ್ಟಿನ ಮುದ್ರೆ, ಮದುವೆಗೆ ಮೊದಲೋ ಆಮೇಲೋ, ಮಗು ಹುಟ್ಟಿದ ವರ್ಷ, ಯಾವುದಾದರೂ ಸರಿ. ಅಂದಾಜಿನ ಒಂದೇ ವರ್ಷಕ್ಕಿಂತ ಖಚಿತವಾದ ಎರಡು ಗಡಿಗಳು ಹೆಚ್ಚು ಕೆಲಸಕ್ಕೆ ಬರುತ್ತವೆ.

ಹಂತ 3: ಏಳು ಅಂಕಿಯ ಐಎಂಒ ಸಂಖ್ಯೆ ಹುಡುಕಿ

ಹಡಗಿನ ಕಾಗದಗಳಲ್ಲಿ ಮೂರು ಬಗೆಯ ಗುರುತು ಕಾಣಿಸುತ್ತವೆ, ಜನ ಇವನ್ನು ಒಂದಕ್ಕೊಂದು ಬೆರೆಸುತ್ತಾರೆ. ತೋಟದ ಜೀಪನ್ನು ನೆನೆದರೆ ಸುಲಭ. ಜೀಪನ್ನು ಕಣ್ಣೂರಿನವರಿಗೆ ಮಾರಿ ಅಲ್ಲಿ ನೋಂದಾಯಿಸಿದರೆ ಕೆಎ-12 ಪ್ಲೇಟ್ ಹೋಗಿ ಕೇರಳದ ಪ್ಲೇಟ್ ಬರುತ್ತದೆ. ಚಾಸಿ ನಂಬರ್ ಮಾತ್ರ ಜೀಪು ಗುಜರಿಗೆ ಹೋಗುವ ತನಕ ಅದೇ. ಹಡಗಿನ ಚಾಸಿ ನಂಬರ್ ಎಂದರೆ ಐಎಂಒ ಸಂಖ್ಯೆ. ಏಳು ಅಂಕಿ. ಮಾಲೀಕರು, ಧ್ವಜ (ಅಂದರೆ ಹಡಗು ನೋಂದಣಿಯಾದ ದೇಶ), ಹೆಸರು ಯಾವುದು ಬದಲಾದರೂ ಅದು ಬದಲಾಗದು. ಹಡಗು ಒಡೆದ ಮೇಲೂ ಬೇರೆ ಹಡಗಿಗೆ ಕೊಡುವುದಿಲ್ಲ.

ಎಂಎಂಎಸ್‌ಐ ಎಂಬುದು ಒಂಬತ್ತು ಅಂಕಿಯ ರೇಡಿಯೊ ಗುರುತು. ಇದು ನಂಬರ್ ಪ್ಲೇಟಿನ ಹಾಗೆ: ಧ್ವಜ ಬದಲಾದರೆ ಇದೂ ಬದಲಾಗುತ್ತದೆ. ಮೊದಲ ಮೂರು ಅಂಕಿ ದೇಶ ಹೇಳುತ್ತವೆ. 419 ಭಾರತ, 310 ಬರ್ಮುಡಾ, 308, 309, 311 ಬಹಾಮಾಸ್. ಕ್ಯುನಾರ್ಡಿನ ಈಗಿನ ಕ್ವೀನ್ ಎಲಿಜಬೆತ್ 2011ರಲ್ಲಿ ಸೌತಾಂಪ್ಟನ್ ನೋಂದಣಿ ಬಿಟ್ಟು ಬರ್ಮುಡಾದ ಹ್ಯಾಮಿಲ್ಟನ್‌ಗೆ ಹೋಯಿತು. ಹೆಸರು ಅದೇ, ಹಡಗು ಅದೇ, ಎಂಎಂಎಸ್‌ಐ ಮಾತ್ರ ಬೇರೆ. ಎರಡು ಎಂಎಂಎಸ್‌ಐ ಕಂಡ ಮಾತ್ರಕ್ಕೆ ಎರಡು ಹಡಗು ಎಂದು ತೀರ್ಮಾನಿಸಬೇಡಿ.

ಮೂರನೆಯದು ಕಾಲ್ ಸೈನ್, ಅಕ್ಷರ ಮತ್ತು ಅಂಕಿ ಬೆರೆತ ಗುರುತು. ಅದೂ ಧ್ವಜದ ಜೊತೆ ಬದಲಾಗುವಂಥದ್ದು. ಸದ್ಯಕ್ಕೆ ಬಿಟ್ಟುಬಿಡಿ.

ಕಾಗದದಲ್ಲಿ ಐಎಂಒ ಸಂಖ್ಯೆ ಇಲ್ಲದಿದ್ದರೆ ಹಡಗಿನಲ್ಲಿರುವವರನ್ನೇ ಕೇಳಿ. 2004ರ ಜುಲೈ 1ರಿಂದ ಜಾರಿಯಾದ ನಿಯಮದಂತೆ ಈ ಸಂಖ್ಯೆಯನ್ನು ಹಡಗಿನ ಮೈಮೇಲೆ ಶಾಶ್ವತವಾಗಿ ಮೂಡಿಸಿರಬೇಕು, ಹೊರಗಿನ ಅಕ್ಷರಗಳು 200 ಮಿಲಿಮೀಟರಿಗಿಂತ ಚಿಕ್ಕದಿರಬಾರದು. ಸಾಮಾನ್ಯವಾಗಿ ಹಿಂಭಾಗದಲ್ಲಿ, ಹೆಸರು ಮತ್ತು ನೋಂದಣಿ ಬಂದರಿನ ಕೆಳಗೆ ಕಾಣುತ್ತದೆ. ಪ್ರಯಾಣಿಕರ ಹಡಗಾದರೆ ಮೇಲಿನಿಂದ ಕಾಣುವ ಹಾಗೆ ಸಮತಲದ ಮೇಲೂ ಬರೆದಿರಬೇಕು. ಬಂದರಿನಲ್ಲಿ ಇಳಿದ ದಿನ ಹಿಂಭಾಗದ ಒಂದು ಫೋಟೊ ತೆಗೆದು ಕಳಿಸಿದರೆ ಸಾಕು. 2004ಕ್ಕಿಂತ ಹಿಂದಿನ ಫೋಟೊದಲ್ಲಿ ಹೊರಮೈಯ ಮೇಲೆ ಈ ಸಂಖ್ಯೆ ಹುಡುಕುತ್ತಾ ಕೂರಬೇಡಿ.

ಹಿಂಭಾಗ ಸಿಗದಿದ್ದರೆ ರೇಲಿಂಗಿಗೆ ನೇತುಹಾಕಿದ ಬಳೆಯಾಕಾರದ ಲೈಫ್‌ಬಾಯ್ ನೋಡಿ. ಅದರ ಮೇಲೂ ಲೈಫ್‌ಬೋಟಿನ ಮೇಲೂ ಹಡಗಿನ ಹೆಸರು ಮತ್ತು ನೋಂದಣಿ ಬಂದರು ಇರಲೇಬೇಕು. ಮಕ್ಕಳು ಕಳಿಸುವ ಸೆಲ್ಫಿಗಳ ಹಿನ್ನೆಲೆಯಲ್ಲಿ ಇದು ಎಷ್ಟೋ ಸಲ ತಾನಾಗಿಯೇ ಬಂದಿರುತ್ತದೆ, ದೊಡ್ಡದು ಮಾಡಿ ನೋಡಿ.

ಹಂತ 4: ಸಂಖ್ಯೆ ಸರಿಯಾಗಿ ಬರೆದಿದ್ದೀರಾ ಎಂದು ಗುಣಿಸಿ ನೋಡಿ

ಐಎಂಒ ಸಂಖ್ಯೆಯ ಕೊನೆಯ ಅಂಕಿ ಉಳಿದ ಆರಕ್ಕೆ ಕಾವಲು. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ, ಎಲ್ಲ ಕೂಡಿಸಿ. ಮೊತ್ತದ ಕೊನೆಯ ಅಂಕಿ, ಸಂಖ್ಯೆಯ ಏಳನೆಯ ಅಂಕಿ ಒಂದೇ ಆಗಿರಬೇಕು.

ಈಗಿನ ರಾಯಲ್ ಪ್ರಿನ್ಸೆಸ್ ಹಡಗಿನ ಸಂಖ್ಯೆ 9584712. 9ನ್ನು 7ರಿಂದ ಗುಣಿಸಿದರೆ 63. 5ನ್ನು 6ರಿಂದ, 30. 8ನ್ನು 5ರಿಂದ, 40. 4ನ್ನು 4ರಿಂದ, 16. 7ನ್ನು 3ರಿಂದ, 21. 1ನ್ನು 2ರಿಂದ, 2. ಒಟ್ಟು 172. ಕೊನೆಯ ಅಂಕಿ 2, ಸಂಖ್ಯೆಯ ಕೊನೆಯಲ್ಲೂ 2. ಸರಿ.

ಅವಸರದಲ್ಲಿ 5 ಮತ್ತು 8 ಅದಲುಬದಲಾಗಿ 9854712 ಎಂದು ಬರೆದಿದ್ದರೆ ಮೊತ್ತ 175 ಬರುತ್ತದೆ, ಕೊನೆಯ ಅಂಕಿ 5. ತಪ್ಪು ಅಲ್ಲೇ ಸಿಕ್ಕಿಬಿತ್ತು. ಆದರೆ ಈ ಪರೀಕ್ಷೆ ಎಲ್ಲ ತಪ್ಪನ್ನೂ ಹಿಡಿಯುವುದಿಲ್ಲ, ಇದನ್ನು ತಿಳಿದಿರಬೇಕು. ಮಸುಕು ಫೋಟೊದಲ್ಲಿ ಮೂರನೆಯ ಸ್ಥಾನದ 8 ನಿಮಗೆ 6ರ ಹಾಗೆ ಕಂಡು 9564712 ಎಂದು ಬರೆದರೆ ಮೊತ್ತ 162, ಕೊನೆಯ ಅಂಕಿ ಮತ್ತೆ 2! ಪರೀಕ್ಷೆ ಪಾಸಾಗುತ್ತದೆ, ಸಂಖ್ಯೆ ಮಾತ್ರ ತಪ್ಪು. ಕಾರಣ ಸರಳ: ಮೂರನೆಯ ಅಂಕಿಯನ್ನು 5ರಿಂದ ಗುಣಿಸುತ್ತೇವೆ, ಅಲ್ಲಿ ಸಮಸಂಖ್ಯೆಯಷ್ಟು ವ್ಯತ್ಯಾಸವಾದರೆ ಮೊತ್ತ ಹತ್ತರ ಲೆಕ್ಕದಲ್ಲೇ ಬದಲಾಗುತ್ತದೆ. ಹಾಗಾಗಿ ಗುಣಿಸಿ ಸರಿಬಂದರೂ ಮೂರನೆಯ ಅಂಕಿಯನ್ನು ಮೂಲ ಕಾಗದದಲ್ಲಿ ಇನ್ನೊಮ್ಮೆ ಕಣ್ಣಿಟ್ಟು ನೋಡಿ.

ಹಂತ 5: ಹಡಗಿನ ಹೆಸರುಗಳ ಸಾಲನ್ನು ವರ್ಷದ ಸಮೇತ ಬರೆಯಿರಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಬಹಳ ಜನ ಹಾರಿಸುವುದೂ ಇದನ್ನೇ. ಇಕ್ವಾಸಿಸ್‌ನಲ್ಲಿ ಹೆಸರಿನ ಬದಲು ಐಎಂಒ ಸಂಖ್ಯೆ ಹಾಕಿ. ಹಡಗಿನ ಈಗಿನ ಹೆಸರು, ಧ್ವಜ, ಹಿಂದಿನ ಹೆಸರುಗಳು ಸಿಗುತ್ತವೆ. ನೋಟ್‌ಬುಕ್ಕಿನಲ್ಲಿ ಒಂದು ಹಡಗಿಗೆ ಒಂದು ಸಾಲು ಎಂದು ಇಟ್ಟುಕೊಂಡು ಎಡದಿಂದ ಬಲಕ್ಕೆ ವರ್ಷ ಮತ್ತು ಹೆಸರು ಬರೆಯುತ್ತಾ ಹೋಗಿ. ಆಮೇಲೆ ಹಂತ 2ರ ದಿನಾಂಕದ ಮೇಲೆ ನೇರ ಗೆರೆ ಎಳೆಯಿರಿ. ಆ ಗೆರೆ ಯಾವ ಸಾಲಿನಲ್ಲಿ ನಿಮ್ಮ ಹೆಸರನ್ನು ಮುಟ್ಟುತ್ತದೋ ಅದೇ ನಿಮ್ಮ ಹಡಗು.

ರಾಯಲ್ ಪ್ರಿನ್ಸೆಸ್ ಹೆಸರನ್ನೇ ಇಟ್ಟುಕೊಂಡು ಮಾಡಿ ನೋಡೋಣ. ಮೂರು ಸಾಲು ಬೇಕು.

ಮೊದಲ ಸಾಲು, ಐಎಂಒ 8201480. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಕಟ್ಟಿದ್ದು. 1984ರಿಂದ 2005ರವರೆಗೆ ರಾಯಲ್ ಪ್ರಿನ್ಸೆಸ್, 2005ರಿಂದ 2011ರವರೆಗೆ ಆರ್ಟೆಮಿಸ್, ಆಮೇಲೆ ಆರ್ಟಾನಿಯಾ.

ಎರಡನೆಯ ಸಾಲು, ಐಎಂಒ 9210220. ಫ್ರಾನ್ಸಿನಲ್ಲಿ ಕಟ್ಟಿದ್ದು. 2001ರಲ್ಲಿ ಆರ್ ಏಟ್, 2003ರಿಂದ ಮಿನರ್ವಾ 2 (ಇದರ ಅಂಕಿ ಮಾತ್ರ ರೋಮನ್), 2007ರಿಂದ 2011ರವರೆಗೆ ರಾಯಲ್ ಪ್ರಿನ್ಸೆಸ್, 2011ರಿಂದ ಅಡೋನಿಯಾ, 2018ರಿಂದ ಅಜಮಾರಾ ಪರ್ಸೂಟ್.

ಮೂರನೆಯ ಸಾಲು, ಐಎಂಒ 9584712. ಇಟಲಿಯ ಮೊನ್‌ಫಾಲ್ಕೋನೆಯಲ್ಲಿ ಕಟ್ಟಿದ್ದು. 2013ರಿಂದ ರಾಯಲ್ ಪ್ರಿನ್ಸೆಸ್.

ಈಗ ಗೆರೆ ಎಳೆಯಿರಿ. 1998 ಎಂದರೆ ಮೊದಲ ಸಾಲು. 2009 ಎಂದರೆ ಎರಡನೆಯದು. 2019 ಎಂದರೆ ಮೂರನೆಯದು. 2012 ಎಂದರೆ? ಯಾವ ಸಾಲಿನಲ್ಲೂ ಆ ಹೆಸರಿಲ್ಲ. ಎರಡನೆಯ ಹಡಗು ಹೆಸರು ಕಳಚಿಕೊಂಡಾಗಿತ್ತು, ಮೂರನೆಯದು ಇನ್ನೂ ಕಾರ್ಖಾನೆಯಲ್ಲಿತ್ತು. 2012ರಲ್ಲಿ ರಾಯಲ್ ಪ್ರಿನ್ಸೆಸ್‌ನಲ್ಲಿ ಆರು ತಿಂಗಳು ಪ್ರಯಾಣಿಕರಿಗೆ ಊಟ ಬಡಿಸಿದ್ದೆ ಎಂದು ಅನುಭವ ಪತ್ರ ಹೇಳಿದರೆ ದಿನಾಂಕವೋ ಹೆಸರೋ ತಪ್ಪಿದೆ. 2005ರಿಂದ 2007ರ ನಡುವೆಯೂ ಇಂಥ ಖಾಲಿ ಜಾಗ ಇದೆ. ಹೆಸರುಗಳ ಸಾಲು ಬರೆಯುವುದರ ದೊಡ್ಡ ಲಾಭ ಈ ಖಾಲಿ ಜಾಗಗಳು. ಬರೀ ಹೆಸರು ಹುಡುಕುವವರಿಗೆ ಇವು ಎಂದೂ ಕಾಣುವುದಿಲ್ಲ.

ಎರಡನೆಯ ಸಾಲಿನ ಅಡೋನಿಯಾ ಹೆಸರನ್ನೂ ಗಮನಿಸಿ. 2003ರಿಂದ 2005ರವರೆಗೆ ಅಡೋನಿಯಾ ಎಂದು ಓಡಿದ್ದು ಬೇರೆ ಹಡಗು. ಅದು 1998ರಲ್ಲಿ ಬಂದ ಸೀ ಪ್ರಿನ್ಸೆಸ್. ಎರಡು ವರ್ಷ ಅಡೋನಿಯಾ ಆಗಿದ್ದು ಮತ್ತೆ ಸೀ ಪ್ರಿನ್ಸೆಸ್ ಆಯಿತು. ಇದು ಉಲ್ಟಾ ತೊಡಕು: ಪಟ್ಟಿಯಲ್ಲಿ ಸೀ ಪ್ರಿನ್ಸೆಸ್ ಎರಡು ಸಲ ಬಂದರೂ ಹಡಗು ಒಂದೇ. ನಾರ್ವೀಜಿಯನ್ ಸ್ಕೈ ಕೂಡ 2004ರಿಂದ 2008ರವರೆಗೆ ಪ್ರೈಡ್ ಆಫ್ ಅಲೋಹಾ ಆಗಿದ್ದು ಹಳೆಯ ಹೆಸರಿಗೇ ಮರಳಿತು. ಹೆಸರು ಎರಡು ಸಲ ಕಂಡಾಗಲೆಲ್ಲ ಸಂಖ್ಯೆ ನೋಡದೆ ಮಾತಾಡಬೇಡಿ.

ಮುಂಬೈಯಿಂದ ಹೊರಡುವ ಹಡಗುಗಳಲ್ಲೂ ಇದೇ ಕಥೆ. ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗಿನ ಐಎಂಒ 8716899. 1990ರಲ್ಲಿ ನಾರ್ಡಿಕ್ ಎಂಪ್ರೆಸ್, 2004ರಲ್ಲಿ ಎಂಪ್ರೆಸ್ ಆಫ್ ದ ಸೀಸ್, 2008ರಲ್ಲಿ ಎಂಪ್ರೆಸ್, 2016ರಲ್ಲಿ ಮತ್ತೆ ಎಂಪ್ರೆಸ್ ಆಫ್ ದ ಸೀಸ್, 2021ರಿಂದ ನಮ್ಮ ಕಡೆಯ ಓಡಾಟ. ರಾಯಲ್ ಕೆರಿಬಿಯನ್‌ನ ಎಂಪ್ರೆಸ್‌ನಲ್ಲಿ ಕೆಲಸ ಮಾಡಿದವರು ಮತ್ತು ಈಗ ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿಬಂದವರು ಒಂದೇ ಹಡಗಿನ ಬಗ್ಗೆ ಮಾತಾಡುತ್ತಿದ್ದಾರೆ.

2019ರಲ್ಲಿ ಮುಂಬೈಯಿಂದ ಓಡಿದ ಕರ್ಣಿಕಾ ಇನ್ನೂ ತೊಡಕಿನದು. ಐಎಂಒ 8521220. 1990ರಲ್ಲಿ ಕ್ರೌನ್ ಪ್ರಿನ್ಸೆಸ್, 2002ರಲ್ಲಿ ಅರೋಸಾ ಬ್ಲೂ, 2004ರಲ್ಲಿ ಐಡಾಬ್ಲೂ, 2007ರಲ್ಲಿ ಓಷನ್ ವಿಲೇಜ್ ಟೂ, 2009ರಲ್ಲಿ ಪೆಸಿಫಿಕ್ ಜ್ಯುವೆಲ್, 2019ರಲ್ಲಿ ಕರ್ಣಿಕಾ, 2020ರಲ್ಲಿ ಅಲಂಗ್ ತೀರದಲ್ಲಿ ಗುಜರಿಗೆ. ಇದು ಬಿಟ್ಟುಹೋದ ಹೆಸರುಗಳಲ್ಲಿ ಎರಡು ಮತ್ತೆ ಬಳಕೆಗೆ ಬಂದವು: 2006ರ ಕ್ರೌನ್ ಪ್ರಿನ್ಸೆಸ್, ಐಎಂಒ 9293399, ಮತ್ತು 2010ರ ಐಡಾಬ್ಲೂ. ಗೋಣಿಕೊಪ್ಪದ ಆ ಮನೆಯ ಗಾಬರಿಗೆ ಮೂಲ ಇದೇ ಸಾಲು.

ಇನ್ನೂ ಕಟ್ಟುತ್ತಿರುವ ಹಡಗಿನ ಸುದ್ದಿ ಓದುವಾಗ ಒಂದು ಎಚ್ಚರಿಕೆ. ನೀರಿಗಿಳಿಯುವ ಮುಂಚೆಯೇ ಹೆಸರು ಬದಲಾಗುವುದುಂಟು. 2005ರ ಆರ್ಕೇಡಿಯಾ ಹಡಗನ್ನು ಕಟ್ಟುವಾಗ ಅದಕ್ಕೆ ಕ್ವೀನ್ ವಿಕ್ಟೋರಿಯಾ ಎಂದು ಹೆಸರಿಡುವುದಿತ್ತು. 2007ರಲ್ಲಿ ಆ ಹೆಸರು ಇನ್ನೊಂದು ಹಡಗಿಗೆ ಹೋಯಿತು. 2021ರ ರೋಟರ್‌ಡ್ಯಾಮ್‌ಗೆ ಮೊದಲು ಗೊತ್ತುಮಾಡಿದ್ದ ಹೆಸರು ರಿಂಡ್ಯಾಮ್. ಹಾಗಾಗಿ ಹಳೆಯ ಸುದ್ದಿಯಲ್ಲಿ ಓದಿದ ಅಳತೆ, ಮಹಡಿಗಳ ಲೆಕ್ಕವನ್ನು ಹೆಸರು ನಂಬಿ ಈಗಿನ ಹಡಗಿಗೆ ಅಂಟಿಸಬೇಡಿ.

ಹಂತ 6: ಅಳತೆ ಮತ್ತು ಫೋಟೊದಿಂದ ತಾಳೆ ನೋಡಿ

ಸಂಖ್ಯೆಯೇ ಸಿಗದಿದ್ದಾಗ ಅಳತೆ ನೆರವಿಗೆ ಬರುತ್ತದೆ, ಸಂಖ್ಯೆ ಸಿಕ್ಕಾಗ ಅದನ್ನು ಗಟ್ಟಿ ಮಾಡುತ್ತದೆ. ಮೂರು ರಾಯಲ್ ಪ್ರಿನ್ಸೆಸ್‌ಗಳನ್ನು ಬೇರ್ಪಡಿಸಲು ಉದ್ದ ಒಂದೇ ಸಾಕು: ಮೊದಲನೆಯದು ಸುಮಾರು 230 ಮೀಟರ್, ಎರಡನೆಯದು 181, ಮೂರನೆಯದು 330. ಗ್ರಾಸ್ ಟನ್ನೇಜ್ ನೋಡಿದರೆ ಕ್ರಮವಾಗಿ ಸುಮಾರು 45 ಸಾವಿರ, 30 ಸಾವಿರ, 1 ಲಕ್ಷ 42 ಸಾವಿರ. ಸಿಡಿಸಿ ಅಥವಾ ಅನುಭವ ಪತ್ರದಲ್ಲಿ ಟನ್ನೇಜ್ ಬರೆದಿದ್ದರೆ ಹೆಸರು ಅಳಿಸಿಹೋಗಿದ್ದರೂ ಹಡಗು ಗೊತ್ತಾಗುತ್ತದೆ. ಟನ್ನೇಜ್ ಎಂಬುದು ತೂಕವಲ್ಲ, ಒಳಗಿನ ಜಾಗದ ಅಳತೆ. ರಿಪೇರಿಯಲ್ಲಿ ಕೋಣೆ ಸೇರಿಸಿದರೆ ಸ್ವಲ್ಪ ಏರುತ್ತದೆ, ಆದ್ದರಿಂದ ನೂರಿನ್ನೂರರ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಫೋಟೊದಲ್ಲಿ ಬಣ್ಣ ನೋಡಬೇಡಿ. ಬಣ್ಣ, ಚಿಮಣಿಯ ಮೇಲಿನ ಗುರುತು ಎರಡೂ ಮಾಲೀಕರ ಜೊತೆ ಬದಲಾಗುತ್ತವೆ. ಬದಲಾಗದವನ್ನು ನೋಡಿ: ಮುಂಭಾಗದ ಓರೆ, ಚಿಮಣಿ ಮಧ್ಯದಲ್ಲಿದೆಯೋ ಹಿಂದಕ್ಕಿದೆಯೋ, ಲೈಫ್‌ಬೋಟುಗಳು ಎಷ್ಟನೇ ಮಹಡಿಯ ಎತ್ತರದಲ್ಲಿ ತೂಗುತ್ತಿವೆ, ಕಿಟಕಿಗಳ ಸಾಲು. 2013ರ ರಾಯಲ್ ಪ್ರಿನ್ಸೆಸ್‌ನ ಬಲಪಕ್ಕದಲ್ಲಿ ಗಾಜಿನ ನೆಲದ ನಡೆದಾರಿ ಹಡಗಿನ ಅಂಚಿನಿಂದ ಆಚೆಗೆ ಚಾಚಿಕೊಂಡಿದೆ. ಹಿಂದಿನ ಎರಡರಲ್ಲಿ ಅದಿಲ್ಲ. ಹೆಸರು ಬದಲಾದ ಹಡಗಿನ ಮೂತಿಯ ಮೇಲೆ ಓರೆ ಬಿಸಿಲು ಬಿದ್ದಾಗ ಬಣ್ಣದ ಅಡಿಯಿಂದ ಹಳೆಯ ಅಕ್ಷರಗಳ ಉಬ್ಬು ಕಾಣಿಸುವುದೂ ಇದೆ. ಬೆಳಿಗ್ಗೆ ಅಥವಾ ಸಂಜೆ ತೆಗೆದ ಫೋಟೊ ಇದ್ದರೆ ದೊಡ್ಡದು ಮಾಡಿ ನೋಡಿ.

ಬಹಳ ಹಳೆಯ ಹಡಗುಗಳಿಗೆ ಐಎಂಒ ಸಂಖ್ಯೆಯ ಆಸೆ ಇಟ್ಟುಕೊಳ್ಳಬೇಡಿ. ಅಜ್ಜನ ಪೆಟ್ಟಿಗೆಯಲ್ಲಿ ಕ್ವೀನ್ ಮೇರಿಯ ಪೋಸ್ಟ್‌ಕಾರ್ಡ್ ಸಿಕ್ಕರೆ ಚಿಮಣಿ ಎಣಿಸಿ: ಮೂರಿದ್ದರೆ 1936ರ ಹಡಗು, 1967ರಿಂದ ಅಮೆರಿಕದ ಲಾಂಗ್ ಬೀಚ್‌ನಲ್ಲಿ ನಿಂತಿರುವುದು. 2004ರ ಕ್ವೀನ್ ಮೇರಿ 2ಕ್ಕೆ ಒಂದೇ ಚಿಮಣಿ.

ಹಂತ 7: ನಕ್ಷೆಯಲ್ಲಿ ಹಡಗು ನೋಡುವಾಗ

ಆ್ಯಪಿನ ಹುಡುಕಾಟದ ಪೆಟ್ಟಿಗೆಯಲ್ಲಿ ಹೆಸರಿನ ಬದಲು ಐಎಂಒ ಸಂಖ್ಯೆ ಹಾಕಿ. ಒಮ್ಮೆ ಸರಿಯಾದ ಹಡಗು ಸಿಕ್ಕರೆ ಅದನ್ನು ಮೆಚ್ಚಿನ ಪಟ್ಟಿಗೆ ಸೇರಿಸಿ, ಮತ್ತೆ ಮತ್ತೆ ಹುಡುಕುವ ಕೆಲಸವಿರುವುದಿಲ್ಲ. ಹಡಗಿನ ಬಗೆ 'ಪ್ಯಾಸೆಂಜರ್' ಎಂದಿದೆಯೇ ನೋಡಿ. ಎಂಎಸ್‌ಸಿ ಎಂದು ಶುರುವಾಗುವ ಹೆಸರುಗಳಲ್ಲಿ ಕ್ರೂಸ್ ಹಡಗುಗಳೂ ಇವೆ, ಅವಕ್ಕಿಂತ ಹೆಚ್ಚಾಗಿ ಕಂಟೇನರ್ ಹಡಗುಗಳಿವೆ.

ಈ ಮಾಹಿತಿ ಬರುವುದು ಹಡಗಿನ ಎಐಎಸ್ ಯಂತ್ರದಿಂದ, ಅಂದರೆ ಹಡಗಿನ ಗುರುತು ಮತ್ತು ಸ್ಥಾನವನ್ನು ರೇಡಿಯೊದಲ್ಲಿ ತಾನಾಗಿ ಕಳಿಸುವ ಯಂತ್ರದಿಂದ. ಹೆಸರು, ಸಂಖ್ಯೆಗಳನ್ನು ಅದು ಆರು ನಿಮಿಷಕ್ಕೊಮ್ಮೆ ಕಳಿಸುತ್ತದೆ. ಆದರೆ ಹೆಸರನ್ನು ಯಂತ್ರಕ್ಕೆ ತುಂಬಿದವರು ಮನುಷ್ಯರು. ಹಡಗಿಗೆ ಹೊಸ ಹೆಸರು ಬಂದ ಕೆಲವು ದಿನ ನಕ್ಷೆಯಲ್ಲಿ ಹಳೆಯ ಹೆಸರೇ ಓಡಾಡಬಹುದು. ಹೋಗಬೇಕಾದ ಬಂದರಿನ ಹೆಸರನ್ನೂ ಪ್ರತಿ ಪ್ರಯಾಣಕ್ಕೆ ಕೈಯಲ್ಲೇ ತುಂಬುತ್ತಾರೆ. ಮರೆತರೆ ಹಿಂದಿನ ಬಂದರೇ ಉಳಿಯುತ್ತದೆ.

ಹಡಗು ನಕ್ಷೆಯಿಂದ ಮಾಯವಾದರೆ ಹೆದರಬೇಡಿ. ಉಚಿತ ಸೇವೆಗಳು ಬಹುಪಾಲು ತೀರದ ರಿಸೀವರುಗಳನ್ನು ನಂಬಿವೆ. ಅವುಗಳ ಹಿಡಿತ ಸಾಮಾನ್ಯವಾಗಿ 40 ನಾಟಿಕಲ್ ಮೈಲಿ, ಅಂದರೆ ಸುಮಾರು 74 ಕಿಲೋಮೀಟರ್ ಆಸುಪಾಸು. ನಡುಸಮುದ್ರದಲ್ಲಿರುವ ಹಡಗಿನ ಸ್ಥಾನ ಉಪಗ್ರಹದಿಂದ ಬರಬೇಕು, ಅದಕ್ಕೆ ಹಣ ಕೇಳುತ್ತಾರೆ. 'ಕೊನೆಯ ಬಾರಿ ಕಂಡದ್ದು ಎರಡು ದಿನದ ಹಿಂದೆ' ಎಂದರೆ ಹಡಗು ತೀರದಿಂದ ದೂರ ಹೋಗಿದೆ ಎಂದಷ್ಟೇ ಅರ್ಥ. ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇದ್ದರೆ ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿ.

ಹಂತ 8: ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿಡಿ

ಜೂನ್, ಜುಲೈ ಮಳೆಗೆ ಕೊಡಗಿನಲ್ಲಿ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಕೈಕೊಡುತ್ತವೆ. ತೋಟದ ಮನೆಯಲ್ಲಿ ಫೋನಿನೊಳಗಿನ ಮಾಹಿತಿ ನಂಬಿ ಕೂರಬಾರದು. ಹಡಗಿನ ಈಗಿನ ಹೆಸರು, ಐಎಂಒ ಸಂಖ್ಯೆ, ಕಟ್ಟಿದ ವರ್ಷ, ನೋಂದಣಿ ಬಂದರು, ಹಿಂದಿನ ಹೆಸರುಗಳು, ಹತ್ತಿದ ದಿನ, ಕಾಂಟ್ರಾಕ್ಟ್ ಮುಗಿಯುವ ದಿನ, ಕೆಲಸಕ್ಕೆ ಕಳಿಸಿದ ಏಜೆನ್ಸಿಯ ತುರ್ತು ಫೋನ್ ನಂಬರ್. ಇಷ್ಟನ್ನೂ ಪೆನ್ನಿನಲ್ಲಿ ಬರೆದು ರೇಷನ್ ಕಾರ್ಡಿನ ಜೊತೆ ಇಡಿ. ಇದೇ ಹೆಸರಿನ ಬೇರೆ ಹಡಗು ಇದ್ದರೆ ಕೆಳಗೆ ದೊಡ್ಡದಾಗಿ 'ಈ ಸಂಖ್ಯೆಯದು ನಮ್ಮ ಹಡಗಲ್ಲ' ಎಂದು ಅದರ ಸಂಖ್ಯೆಯನ್ನೂ ಬರೆಯಿರಿ. ನೆರೆಯವರು ಯಾವುದೋ ಸುದ್ದಿ ತಂದಾಗ ಅಜ್ಜಿಯೂ ಹಾಳೆ ನೋಡಿ ಉತ್ತರ ಹೇಳುವಂತಿರಬೇಕು.

ಕಾಂಟ್ರಾಕ್ಟಿನ ನಡುವೆ ಹಡಗು ಬದಲಾಗುವುದು ಮಾಮೂಲು. ಬದಲಾದ ದಿನವೇ ಹೊಸ ಸಂಖ್ಯೆ ತರಿಸಿಕೊಂಡು ಹಾಳೆ ತಿದ್ದಿ.

ಕೆಲಸದ ಕಾಗದದಲ್ಲಿ ಈ ಸೂಚನೆಗಳು ಕಂಡರೆ ನಿಲ್ಲಿಸಿ

ಹಡಗಿನ ಹೆಸರುಗಳ ಗೊಂದಲವನ್ನೇ ಬಂಡವಾಳ ಮಾಡಿಕೊಂಡ ನಕಲಿ ಕೆಲಸದ ಪತ್ರಗಳು ಓಡಾಡುತ್ತವೆ. ಪತ್ರದಲ್ಲಿ ಹೇಳಿದ ಹಡಗು ಆ ಹೆಸರಿನಲ್ಲಿ ಈಗ ಇಲ್ಲದಿರುವುದು ಮೊದಲ ಸೂಚನೆ. ಉದಾಹರಣೆಗೆ, ಪೆಸಿಫಿಕ್ ಪ್ರಿನ್ಸೆಸ್‌ಗೆ 2023ರಲ್ಲಿ ಸೇರಬೇಕು ಎನ್ನುವ ಪತ್ರ ಸುಳ್ಳು. ಆ ಹೆಸರಿನ ಮೊದಲ ಹಡಗು 2013ರಲ್ಲಿ ಟರ್ಕಿಯಲ್ಲಿ ಗುಜರಿಗೆ ಹೋಯಿತು, ಎರಡನೆಯದು 2021ರಲ್ಲಿ ಮಾರಾಟವಾಗಿ ಅಜಮಾರಾ ಆನ್‌ವರ್ಡ್ ಆಯಿತು. ಐಎಂಒ 9187887 ಹಾಕಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುವ ವಿಷಯ.

ಪತ್ರದಲ್ಲಿ ಒಂದು ಹಡಗಿನ ಹೆಸರು, ಇನ್ನೊಂದರ ಐಎಂಒ ಸಂಖ್ಯೆ, ಮೂರನೆಯದರ ಫೋಟೊ ಇರುವುದು ಎರಡನೆಯ ಸೂಚನೆ. ಸಂಖ್ಯೆ ಕೇಳಿದರೆ 'ಸೆಕ್ಯುರಿಟಿ ಕಾರಣಕ್ಕೆ ಹೇಳುವ ಹಾಗಿಲ್ಲ' ಎನ್ನುವುದು ಮೂರನೆಯದು. ಹಡಗಿನ ಮೈಮೇಲೆ ಎಲ್ಲರಿಗೂ ಕಾಣುವಂತೆ ಬರೆದಿರುವುದರಲ್ಲಿ ಗುಟ್ಟೇನೂ ಇಲ್ಲ. ಹಡಗು ಓಡಿಸುವ ಕಂಪನಿಯ ಹೆಸರಿಗೂ ಪತ್ರದ ತಲೆಬರಹಕ್ಕೂ ಹೊಂದಿಕೆ ಇರದಿದ್ದರೆ ಅಷ್ಟಕ್ಕೇ ನಕಲಿ ಎನ್ನಲಾಗದು, ಅಡುಗೆ ಮತ್ತು ಹೋಟೆಲ್ ವಿಭಾಗಕ್ಕೆ ಬೇರೆ ಸಂಸ್ಥೆ ಜನ ಕೊಡುವುದಿದೆ. ಆದರೆ ಕಳಿಸುವ ಏಜೆನ್ಸಿಗೆ ಭಾರತ ಸರ್ಕಾರದ ನೌಕಾಯಾನ ಮಹಾನಿರ್ದೇಶನಾಲಯ ಕೊಟ್ಟ ಆರ್‌ಪಿಎಸ್‌ಎಲ್ ಪರವಾನಗಿ ಇರಲೇಬೇಕು. ಪರವಾನಗಿ ಸಂಖ್ಯೆ ಕೇಳಿ, ಮಹಾನಿರ್ದೇಶನಾಲಯದ ಪಟ್ಟಿಯಲ್ಲಿ ಹುಡುಕಿ, ಅದರ ಅವಧಿ ಮುಗಿದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಕೆಲಸ ಕೊಡಿಸಲು ಹಣ ಪಡೆಯುವಂತಿಲ್ಲ. ಹಣ ಕೇಳಿದರೆ ಹಡಗಿನ ಹೆಸರು ಸರಿಯಿದ್ದರೂ ಅಲ್ಲಿಗೇ ಬಿಡಿ. ಕಾಫಿ ಮಾರಿದ ದುಡ್ಡು ಕಳೆದುಕೊಂಡ ಮೇಲೆ ಸಂಖ್ಯೆ ನೋಡಿ ಏನೂ ಸಿಗುವುದಿಲ್ಲ.

ಹಳೆಯ ಸಿಡಿಸಿಯಲ್ಲಿ ಹಡಗಿನ ಹೆಸರು ಈಗಿನದಲ್ಲ ಎಂದು ಯಾರಾದರೂ ತಿದ್ದಲು ಹೇಳಿದರೆ ಒಪ್ಪಬೇಡಿ. ಸೈನ್ ಆನ್ ಆದ ದಿನ ಇದ್ದ ಹೆಸರೇ ದಾಖಲೆಯಲ್ಲಿ ಇರಬೇಕಾದದ್ದು. 2010ರಲ್ಲಿ ಆರ್ಟೆಮಿಸ್‌ನಲ್ಲಿದ್ದವರು ಆರ್ಟಾನಿಯಾ ಎಂದು ಬರೆದರೆ ಅದು ತಪ್ಪು ಮಾಹಿತಿ. ಹೊಸ ಅರ್ಜಿಯಲ್ಲಿ ಆರ್ಟೆಮಿಸ್ ಎಂದು ಬರೆದು ಪಕ್ಕದಲ್ಲಿ ಐಎಂಒ 8201480 ಸೇರಿಸಿ. ಈಗಿನ ಹೆಸರು ಏನೆಂದು ಓದುವವರು ಅದರಿಂದಲೇ ತಿಳಿದುಕೊಳ್ಳುತ್ತಾರೆ.